ಶ್ರೇಷ್ಠ ಚಲನಚಿತ್ರಗಳು: ಉಳಿದವು, ಅಳಿದವು

ಜಗತ್ತಿನ ಸರ್ವಶ್ರೇಷ್ಠ ಚಲನಚಿತ್ರ ಯಾವುದು ಎಂಬ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಉಲ್ಲೇಖಗೊಳ್ಳುವುದು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹೊರತರುವ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ಸಮೀಕ್ಷೆ. 1952ರಿಂದ ಹತ್ತು ವರ್ಷಗಳಿಗೊಮ್ಮೆ ಈ ಪತ್ರಿಕೆ ವಿಮರ್ಶಕರ ಮತ ಸಂಗ್ರಹಿಸುತ್ತ ಬಂದಿದೆ. ಮೊದಲ ಬಾರಿ ಅಗ್ರಸ್ಥಾನ ಪಡೆದದ್ದು ಇಟಲಿಯ ವಿಟ್ಟೋರಿಯೊ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್'. ಆಗ ಆ ಚಿತ್ರಕ್ಕೆ ಕೇವಲ ನಾಲ್ಕು ವರ್ಷ ಪ್ರಾಯ. 1962ರಿಂದ 2002ರವರೆಗಿನ ಐದೂ ಸಮೀಕ್ಷೆಗಳಲ್ಲಿ ಆರ್ಸನ್ ವೆಲ್ಸ್ ಅವರ 'ಸಿಟಿಜನ್ ಕೇನ್' ಮೊದಲ ಸ್ಥಾನದಲ್ಲಿತ್ತು. 2012ರಲ್ಲಿ ಆ ಸ್ಥಾನ ಹಿಚ್‌ಕಾಕ್ ಅವರ 'ವರ್ಟಿಗೊ' ಚಿತ್ರಕ್ಕೆ, 2022ರಲ್ಲಿ ಬೆಲ್ಜಿಯಂನ ಶಾಂತಾಲ್ ಆಕರ್ಮಾನ್ ಅವರ 'ಜಾನ್ ಡೀಲ್‌ಮಾನ್' ಚಿತ್ರಕ್ಕೆ ದೊರೆಯಿತು.

ಪಟ್ಟಿಯ ಈ ಏರಿಳಿತವನ್ನು ಕೇವಲ ಅಭಿರುಚಿಯ ಬದಲಾವಣೆ ಎಂದು ತಿಳಿಯುವುದು ವಾಡಿಕೆ. ಆದರೆ ಅದರ ಹಿಂದೆ ಇನ್ನೊಂದು ಸರಳ ಸಂಗತಿಯೂ ಇದೆ. 1941ರಲ್ಲಿ ತೆರೆಕಂಡಾಗ 'ಸಿಟಿಜನ್ ಕೇನ್' ಹಣ ಗಳಿಸಲಿಲ್ಲ. ಐವತ್ತರ ದಶಕದಲ್ಲಿ ಅದು ಮರುಬಿಡುಗಡೆಯಾಗಿ, ದೂರದರ್ಶನದಲ್ಲಿಯೂ ಪ್ರಸಾರಗೊಂಡ ಮೇಲೆ ಅದರ ಕೀರ್ತಿ ಬೆಳೆಯಿತು. 1958ರ 'ವರ್ಟಿಗೊ' ಚಿತ್ರವಂತೂ ಹಕ್ಕುಸ್ವಾಮ್ಯದ ಕಾರಣದಿಂದ ಎಪ್ಪತ್ತರ ದಶಕದಲ್ಲಿ ಸುಮಾರು ಹತ್ತು ವರ್ಷ ಪ್ರದರ್ಶನಕ್ಕೇ ಸಿಗುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಪುನಃ ತೆರೆಗೆ ಬಂತು, 1996ರಲ್ಲಿ ಅದರ ಪ್ರತಿಯ ಜೀರ್ಣೋದ್ಧಾರವೂ ಆಯಿತು. ಸಮೀಕ್ಷೆಯಲ್ಲಿ ಏಳು, ನಾಲ್ಕು, ಎರಡು ಎಂದು ಮೇಲೇರಿ ಮೊದಲನೆಯದಾದದ್ದು ಈ ಅವಧಿಯಲ್ಲಿ. ಚಿತ್ರವೊಂದು ಶ್ರೇಷ್ಠವೆನಿಸಬೇಕಾದರೆ ಅದನ್ನು ಮರಳಿ ನೋಡುವ ಅವಕಾಶವಿರಬೇಕು. ಮರಳಿ ನೋಡಲು ಅದರ ಪ್ರತಿ ಉಳಿದಿರಬೇಕು.

ಈ ಮಾತಿಗೆ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಗಿಂತ ಉತ್ತಮ ನಿದರ್ಶನ ಸಿಗಲಾರದು. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯನ್ನಾಧರಿಸಿದ ಈ ಚಿತ್ರದ ಚಿತ್ರೀಕರಣ 1952ರಲ್ಲಿ ಆರಂಭವಾಯಿತು. ರಾಯ್ ಅವರಿಗೆ ನಿರ್ದೇಶನ ಹೊಸತು, ಛಾಯಾಗ್ರಾಹಕ ಸುಬ್ರತ ಮಿತ್ರ ಅವರಿಗೆ ಕಥಾಚಿತ್ರವೇ ಹೊಸತು. ಕಾಶದ ಹೂವಿನ ಬಯಲಿನಲ್ಲಿ ಒಂದು ದಿನ ಚಿತ್ರೀಕರಿಸಿ ಮುಂದಿನ ವಾರ ಹಿಂದಿರುಗಿದಾಗ ದನಗಳು ಹೂವನ್ನೆಲ್ಲ ಮೇಯ್ದಿದ್ದವು. ಮತ್ತೆ ಹೂಬಿಡುವ ಋತುವಿಗಾಗಿ ಕಾಯಬೇಕಾಯಿತು. ರಾಯ್ ವಿಮೆ ಪಾಲಿಸಿಯನ್ನೂ ಪತ್ನಿಯ ಒಡವೆಗಳನ್ನೂ ಅಡವಿಟ್ಟರು. ಕೊನೆಗೆ ಪಶ್ಚಿಮ ಬಂಗಾಳ ಸರಕಾರ ಹಣ ಒದಗಿಸಿ, ಚಿತ್ರ 1955ರಲ್ಲಿ ಪೂರ್ಣಗೊಂಡಿತು. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು.

ಬಡತನವನ್ನು ತೋರಿಸಿದ ಚಿತ್ರಗಳು ಅದಕ್ಕಿಂತ ಮೊದಲೂ ಇದ್ದವು, ಅನಂತರವೂ ಬಂದವು. 'ಪಥೇರ್ ಪಾಂಚಾಲಿ' ಬಾಳಿದ್ದು ಅದು ಹೇಳದೆ ಬಿಟ್ಟದ್ದರಿಂದ. ಊರಿಗೆ ಮರಳಿದ ತಂದೆ ಹರಿಹರ, ಮಗಳು ದುರ್ಗಾ ತೀರಿಕೊಂಡದ್ದನ್ನು ಅರಿಯದೆ ಅವಳಿಗಾಗಿ ತಂದ ಸೀರೆಯನ್ನು ತೆಗೆದು ತೋರಿಸುತ್ತಾನೆ. ತಾಯಿ ಸರ್ವಜಯಾ ಬಾಯಿ ತೆರೆದು ಅಳುತ್ತಾಳೆ. ಆದರೆ ಅವಳ ದನಿ ಕೇಳಿಸುವುದಿಲ್ಲ, ಆ ಜಾಗದಲ್ಲಿ ತಾರ್ ಶೆಹನಾಯಿಯ ನಾದವಿದೆ. ದುರ್ಗಾ ಕದ್ದಿದ್ದಳೆಂದು ನೆರೆಯವರು ದೂರಿದ್ದ ಸರ ಮುಂದೆ ತಮ್ಮ ಅಪುವಿನ ಕೈಗೆ ಸಿಗುತ್ತದೆ. ಅವನು ಯಾರಿಗೂ ಹೇಳದೆ ಅದನ್ನು ಕೊಳಕ್ಕೆ ಎಸೆಯುತ್ತಾನೆ. ಸರಿದ ಪಾಚಿ ಮತ್ತೆ ಮೆಲ್ಲನೆ ಕೂಡಿಕೊಳ್ಳುತ್ತದೆ. ಮಾತಿಲ್ಲದ ಈ ದೃಶ್ಯಕ್ಕೆ ಭಾಷಾಂತರ ಬೇಕಿಲ್ಲ. ಹತ್ತನೆಯ ಸಲ ನೋಡಿದವನಿಗೂ ಹುಡುಗನ ಮನಸ್ಸಿನಲ್ಲಿ ಏನಿತ್ತೆಂದು ಖಚಿತವಾಗಿ ಹೇಳಲಾಗದು.

ಈ ಚಿತ್ರವೂ ಇಲ್ಲವಾಗುವುದರಲ್ಲಿತ್ತು. 1993ರಲ್ಲಿ ಲಂಡನ್ನಿನ ಹೆಂಡರ್ಸನ್ಸ್ ಪ್ರಯೋಗಾಲಯದಲ್ಲಿ ಬೆಂಕಿ ಬಿದ್ದಾಗ ಅಪು ತ್ರಿವಳಿಯ ಮೂಲ ನೆಗೆಟಿವ್‌ಗಳು ಸುಟ್ಟವು. ಬಳಸಲು ಬಾರದಂತಿದ್ದ ಆ ಸುರುಳಿಗಳನ್ನು ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್ ಎಸೆಯದೆ ಕಾಪಾಡಿತು. ಎರಡು ದಶಕಗಳ ಬಳಿಕ ಇಟಲಿಯ ಬೊಲೊನ್ಯಾ ನಗರದ ತಜ್ಞರು ಅವುಗಳಿಗೆ ತೇವ ಮರಳಿಸಿ, ಅಂಚಿನ ರಂಧ್ರಗಳನ್ನು ಕೈಯಿಂದಲೇ ದುರಸ್ತಿ ಮಾಡಿದರು. ಆ ಕೆಲಸಕ್ಕೆ ಹಿಡಿದದ್ದು ಸುಮಾರು ಒಂದು ಸಾವಿರ ಗಂಟೆ. 'ಪಥೇರ್ ಪಾಂಚಾಲಿ'ಯ ಶೇ. 40ರಷ್ಟು ಭಾಗ ಮೂಲ ನೆಗೆಟಿವ್‌ನಿಂದಲೇ ದೊರೆಯಿತು. ಉಳಿದುದನ್ನು ಬೇರೆ ಪ್ರತಿಗಳಿಂದ ತುಂಬಲಾಯಿತು. 2015ರಲ್ಲಿ ಮತ್ತೆ ತೆರೆಕಂಡ ಚಿತ್ರ 2022ರ ಸಮೀಕ್ಷೆಯಲ್ಲಿ 35ನೆಯ ಸ್ಥಾನದಲ್ಲಿತ್ತು.

ಎಲ್ಲ ಚಿತ್ರಗಳಿಗೂ ಈ ಭಾಗ್ಯವಿಲ್ಲ. ಹಳೆಯ ಚಿತ್ರಗಳ ನೈಟ್ರೇಟ್ ಸುರುಳಿ ಸುಲಭವಾಗಿ ಹೊತ್ತಿಕೊಳ್ಳುವಂಥದು. ಆನಂತರದ ಅಸಿಟೇಟ್ ಸುರುಳಿ ಸೆಖೆ ಮತ್ತು ತೇವಕ್ಕೆ ಹುಳಿವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ. ಓಟ ಮುಗಿದ ಚಿತ್ರಗಳ ಪ್ರತಿಗಳನ್ನು ಅವುಗಳಲ್ಲಿನ ಬೆಳ್ಳಿಗಾಗಿ ಮಾರಿದ್ದೂ ಉಂಟು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗುವ ವೇಳೆಗೆ ಬಹಳಷ್ಟು ಕೈತಪ್ಪಿ ಹೋಗಿತ್ತು. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' (1931) ಇಂದು ಇಲ್ಲ. ವೈ.ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅಭಿನಯಿಸಿ, ಕೊಲ್ಲಾಪುರದಲ್ಲಿ ತಯಾರಾಗಿ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿಯೂ ಇಲ್ಲ. ಅದು ಒಳ್ಳೆಯ ಚಿತ್ರವಾಗಿತ್ತೇ ಎಂದು ತೀರ್ಮಾನಿಸುವ ಹಕ್ಕನ್ನೇ ಕನ್ನಡಿಗರು ಕಳೆದುಕೊಂಡಿದ್ದಾರೆ.

ಉಳಿದ ಚಿತ್ರಗಳಲ್ಲಿ ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' (1977) ಪ್ರಮುಖವಾದುದು. ಯು.ಆರ್. ಅನಂತಮೂರ್ತಿ ಅವರ ಕಥೆ, ಬಿ.ವಿ. ಕಾರಂತರ ಸಂಗೀತ, ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ. ಗರ್ಭಿಣಿಯಾದ ವಿಧವೆ ಯಮುನೆಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಬಹಿಷ್ಕರಿಸುವುದನ್ನು ಇಲ್ಲಿಯೂ ಒಬ್ಬ ಹುಡುಗ, ವೇದಪಾಠಕ್ಕೆ ಬಂದ ನಾಣಿ, ಪೂರ್ಣವಾಗಿ ಅರ್ಥವಾಗದೆಯೇ ನೋಡುತ್ತಾನೆ. ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆದ ಈ ಚಿತ್ರದ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜತೆಗೂಡಿ ಅದನ್ನು ಪುನರುಜ್ಜೀವನಗೊಳಿಸಿದವು. 2024ರ ಸೆಪ್ಟೆಂಬರ್ ಸುಮಾರಿಗೆ ವೆನಿಸ್ ಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಅದು ಪ್ರದರ್ಶನಗೊಂಡಿತು. ಚಿತ್ರದ ನಿರ್ಮಾಪಕ ಸದಾನಂದ ಸುವರ್ಣ ಅದೇ ವರ್ಷದ ಜುಲೈನಲ್ಲಿ ನಿಧನರಾಗಿದ್ದರು.