ಬೇಕಾಗಿದ್ದಾರೆ: ಪ್ರಾಮಾಣಿಕರು

ಉದ್ಯೋಗದ ಜಾಹೀರಾತುಗಳಲ್ಲಿ ವಿದ್ಯಾರ್ಹತೆ, ವಯೋಮಿತಿ, ಅನುಭವಗಳನ್ನು ಹೇಳಿ ಮುಗಿಸಿದ ಮೇಲೆ ಕೊನೆಗೊಂದು ಸಾಲು ಬರುತ್ತದೆ: ಅಭ್ಯರ್ಥಿಯು ಪ್ರಾಮಾಣಿಕನೂ ಚುರುಕಿನವನೂ ಆಗಿರಬೇಕು, ಆಕರ್ಷಕ ವ್ಯಕ್ತಿತ್ವ ಹೊಂದಿರಬೇಕು, ನಿರರ್ಗಳವಾಗಿ ಮಾತನಾಡಬೇಕು. ಪದವಿಗೆ ಅಂಕಪಟ್ಟಿಯುಂಟು, ವಯಸ್ಸಿಗೆ ಜನನ ಪತ್ರವುಂಟು. ಪ್ರಾಮಾಣಿಕತೆಗೆ ಯಾವ ಕಾಗದವನ್ನು ಲಗತ್ತಿಸುವುದು? ಈ ಪ್ರಶ್ನೆ ಬೀದರ್ ನಗರಕ್ಕೆ ಹೊಸದಲ್ಲ.

ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಇಲ್ಲಿ ಕಟ್ಟಿಸಿದ ಮದರಸಾವನ್ನು ನಾವೆಲ್ಲ ನೋಡಿದ್ದೇವೆ. ಇರಾನಿನ ಗಿಲಾನ್ ಪ್ರಾಂತದಿಂದ ಬಂದ ಈತ ಕೇವಲ ಆಡಳಿತಗಾರನಲ್ಲ. ಪತ್ರಲೇಖನ ಕಲೆಯನ್ನು ಕುರಿತು ‘ಮನಾಜಿರುಲ್ ಇನ್ಶಾ’ ಎಂಬ ಪಾರಸಿ ಗ್ರಂಥವನ್ನೇ ರಚಿಸಿದವನು. ಆ ಕಾಲದ ಮುನ್ಷಿ ಎಂದರೆ ಬರೀ ಅಕ್ಷರ ಬರೆಯುವವನಲ್ಲ. ರಾಜ್ಯದ ಗುಟ್ಟುಗಳು ಅವನ ಲೇಖನಿಯ ಮೂಲಕವೇ ಹಾದುಹೋಗುತ್ತಿದ್ದವು. ಅವನಿಗೆ ಭಾಷಾಜ್ಞಾನದಷ್ಟೇ ನಂಬಿಕೆಯೂ ಅಗತ್ಯವಾಗಿತ್ತು.

ಗವಾನನು ನಾಲ್ಕು ಪ್ರಾಂತಗಳನ್ನು ಎಂಟಾಗಿ ಒಡೆದು ಪ್ರಾಂತಾಧಿಪತಿಗಳ ಅಧಿಕಾರವನ್ನು ಮೊಟಕುಗೊಳಿಸಿದ್ದರಿಂದ ಶತ್ರುಗಳು ಹುಟ್ಟಿಕೊಂಡರು. ಅವರು ಅವನ ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ವಶಮಾಡಿಕೊಂಡು, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿದರೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಒಡಿಶಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಸುಳ್ಳು ಪತ್ರ ಆ ಕಾಗದದಲ್ಲಿ ಸಿದ್ಧವಾಯಿತು. ಮುದ್ರೆ ತನ್ನದೇ, ಬರಹ ತನ್ನದಲ್ಲ ಎಂದು ಗವಾನ್ ಹೇಳಿದನು. ಸುಲ್ತಾನ ಮೂರನೆಯ ಮುಹಮ್ಮದ್ ಶಾಹ ಕೇಳಲಿಲ್ಲ. 1481ರ ಏಪ್ರಿಲ್ 5ರಂದು ಆ ವೃದ್ಧನ ತಲೆ ಉರುಳಿತು. ದಶಕಗಳ ನಿಷ್ಠೆಯನ್ನು ಕಣ್ಣಾರೆ ಕಂಡಿದ್ದ ದೊರೆ ಒಂದು ಕಾಗದವನ್ನು ನಂಬಿದನು. ಪಶ್ಚಾತ್ತಾಪಪಟ್ಟ ಅವನೂ ಮರುವರ್ಷವೇ ತೀರಿಕೊಂಡನು. ಗವಾನನ ಸಮಾಧಿ ಬೀದರ್ ಸಮೀಪದ ಗೋರನಳ್ಳಿಯಲ್ಲಿದೆ.

ಉದ್ಯೋಗಕ್ಕೆ ಗುಣಗಳನ್ನು ಗೊತ್ತುಪಡಿಸುವ ಪದ್ಧತಿ ಬೈಬಲ್ ಓದುಗರಿಗೂ ಪರಿಚಿತವೇ. ಮೋಶೆಗೆ ಸಹಾಯಕರು ಬೇಕಾದಾಗ ಅವನ ಮಾವ ಸಮರ್ಥರನ್ನು, ದೇವಭಯವುಳ್ಳವರನ್ನು, ಲಂಚವನ್ನು ದ್ವೇಷಿಸುವವರನ್ನು ಆರಿಸಲು ಸೂಚಿಸಿದನು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ಊಟದ ಹಂಚಿಕೆಯನ್ನು ನೋಡಿಕೊಳ್ಳಲು ಏಳು ಮಂದಿ ಬೇಕಾದರು. ಅಲ್ಲಿ ಆಯ್ಕೆಯ ಹೊಣೆ ಬಿದ್ದದ್ದು ಸಭೆಯ ಮೇಲೆಯೇ. ಯಾರು ಒಳ್ಳೆಯವರೆಂದು ಜೊತೆಯಲ್ಲಿ ಬದುಕಿದವರಿಗೆ ತಾನೇ ಗೊತ್ತು?

ನಿಜಾಮರ ಆಳ್ವಿಕೆಯಲ್ಲಿ ನಮ್ಮ ಭಾಗದ ಕನ್ನಡಿಗರಿಗೆ ಎದುರಾದ ತೊಡಕೇ ಬೇರೆ. ಸರ್ಕಾರದ ವ್ಯವಹಾರವೆಲ್ಲ ಉರ್ದುವಿನಲ್ಲಿತ್ತು. ಉರ್ದು ಬಾರದವನಲ್ಲಿ ಸಕಲ ಸದ್ಗುಣಗಳಿದ್ದರೂ ಕಚೇರಿಯ ಬಾಗಿಲು ತೆರೆಯುತ್ತಿರಲಿಲ್ಲ. ಔರಾದ್ ಸೀಮೆಯ ಕಮಲನಗರದಲ್ಲಿ 1890ರಲ್ಲಿ ಜನಿಸಿ ಮುಂದೆ ಭಾಲ್ಕಿ ಹಿರೇಮಠದ ಸ್ವಾಮಿಗಳಾದ ಚನ್ನಬಸವ ಪಟ್ಟದ್ದೇವರು ಆಗ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಅಂಥ ಶಾಲೆಯ ಶಿಕ್ಷಕನಿಗೆ ಧೈರ್ಯ ಬೇಕಿತ್ತು, ಬಾಯಿಯ ಮೇಲೆ ಹಿಡಿತವೂ ಬೇಕಿತ್ತು. ಆ ಅರ್ಹತೆಗಳನ್ನು ಯಾವ ಪ್ರಕಟಣೆಯಲ್ಲಿಯೂ ಅಚ್ಚುಹಾಕಿಸುವಂತಿರಲಿಲ್ಲ.

ಇಂದು ಸರ್ಕಾರಿ ಹುದ್ದೆಗೆ ಸನ್ನಡತೆಯ ಪ್ರಮಾಣಪತ್ರ ಕೇಳುತ್ತಾರೆ. ಬಹುಮಟ್ಟಿಗೆ ಅದು ಸಹಿ, ಮೊಹರುಗಳ ವ್ಯವಹಾರ. (ಮೊಹರಿನ ಕಥೆಯನ್ನು ಈಗಷ್ಟೇ ನೋಡಿದೆವು!) ಕೆಲವೇ ನಿಮಿಷಗಳ ಮಾತಿನಲ್ಲಿ ಗುಣ ಅಳೆಯುವುದರಿಂದ ಪಕ್ಷಪಾತಕ್ಕೆ ಎಡೆಯಾಗುತ್ತದೆಂಬ ದೂರಿನ ಹಿನ್ನೆಲೆಯಲ್ಲಿ, ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಅದು ಸರಿಯಾದ ಹೆಜ್ಜೆಯೆಂದೇ ನನ್ನ ಭಾವನೆ. ಖಾಸಗಿ ಸಂಸ್ಥೆಗಳಲ್ಲಿ ಮಾತ್ರ ಆ ಕೊನೆಯ ಸಾಲು ಬೆಳೆಯುತ್ತಲೇ ಇದೆ. ‘ಆಕರ್ಷಕ ವ್ಯಕ್ತಿತ್ವ’ ಎಂದರೆ ಎಷ್ಟೋ ಕಡೆ ಉಡುಪು ಮತ್ತು ಮೈಬಣ್ಣ. ‘ನಿರರ್ಗಳ ಮಾತು’ ಎಂದರೆ ಇಂಗ್ಲಿಷ್. ಗಡಿಯ ಔರಾದ್ ತಾಲ್ಲೂಕಿನಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಆಡುವ ಮಕ್ಕಳಿದ್ದಾರೆ. ಮೂರು ಭಾಷೆ ಬಲ್ಲ ಅವರು ಆ ಸಾಲನ್ನು ಓದಿ, ತಮಗೆ ಮಾತೇ ಬಾರದೆಂದು ಹಿಂಜರಿಯುತ್ತಾರೆ.

ಕೆಲವು ವರ್ಷಗಳ ಹಿಂದೆ ಆ ಕಡೆಯ ಹುಡುಗಿಯೊಬ್ಬಳು ಅಂಥದೊಂದು ಅರ್ಜಿ ತುಂಬಿಸಿಕೊಳ್ಳಲು ನನ್ನ ಬಳಿ ಬಂದಿದ್ದಳು. ತಂದೆ ಹಾಸಿಗೆ ಹಿಡಿದ ಮೇಲೆ ಇಬ್ಬರು ತಮ್ಮಂದಿರನ್ನು ಓದಿಸುತ್ತ, ತಾನೂ ಪದವಿ ಮುಗಿಸಿದವಳು. ‘ನಿಮ್ಮ ವಿಶೇಷ ಗುಣಗಳು’ ಎಂಬ ಜಾಗಕ್ಕೆ ಬಂದಾಗ ಅವಳು ಬಹಳ ಹೊತ್ತು ಯೋಚಿಸಿದಳು. “ಏನೂ ಇಲ್ರೀ ಸರ್, ಖಾಲಿ ಬಿಡ್ರಿ” ಎಂದಳು.