ಕಿವಿಯ ಬಿರಡೆಯ ಚರಿತ್ರೆ

ಮನೆಗೂ ಕಾಲೇಜಿಗೂ ನಡುವೆ ದಿನವೂ ಎರಡು ಗಂಟೆಯ ಬಸ್ ಪ್ರಯಾಣ ನನ್ನ ಪಾಲಿಗೆ ಬಂದಿದೆ. ಆ ಹೊತ್ತನ್ನು ಸಂಗೀತದಲ್ಲಿ ಕಳೆಯೋಣವೆಂದು 250 ರೂಪಾಯಿ ತೆತ್ತು ಇಯರ್‌ಫೋನ್ ಒಂದನ್ನು ಕೊಂಡೆ. ಅರ್ಧ ಗಂಟೆಯಲ್ಲಿ ಕಿವಿ ನೋಯತೊಡಗಿತು. ಗಾಯಕಿಯ ದನಿ ತಗಡು ಬಡಿದಂತೆ ಕೇಳಿಸಿತು. ಮೃದಂಗದ ತೊಪ್ಪಿಯ ಗುಂಕಾರವಂತೂ ಕೇಳಿಸಲೇ ಇಲ್ಲ. ಬಸ್ಸಿನ ಗದ್ದಲವನ್ನು ಮೀರಿಸಲು ದನಿ ಏರಿಸುತ್ತ ಹೋದೆ. ರಾತ್ರಿ ದೀಪ ಆರಿಸಿ ಮಲಗಿದರೆ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು!

ಅಗ್ಗದ ಪದಾರ್ಥದ ಹಣೆಬರಹವೇ ಇಷ್ಟೆಂದು ಗೊಣಗಿಕೊಂಡೆ. ಆದರೆ ಭೌತಶಾಸ್ತ್ರದ ಅಧ್ಯಾಪಕರಾದ ನನ್ನ ಮಿತ್ರರು ಅದನ್ನು ತಿರುಗಿಸಿ ನೋಡಿ, “ಯಂತ್ರದಲ್ಲಿ ದೋಷವಿಲ್ಲ ಸ್ವಾಮಿ, ಬಿರಡೆ ನಿಮ್ಮ ಕಿವಿಗೆ ಹೊಂದಿಲ್ಲ” ಎಂದರು. ಪೊಟ್ಟಣದಲ್ಲೇ ಉಳಿದಿದ್ದ ಚಿಕ್ಕ ತುದಿಗಳನ್ನು ತೊಡಿಸಿಕೊಂಡೆ. ನೋವು ಹೋಯಿತು, ಮೃದಂಗ ಬಂತು. ಇಷ್ಟು ಸಣ್ಣ ರಬ್ಬರಿನ ತುಣುಕಿಗೆ ಇಷ್ಟು ಮಹಿಮೆ ಹೇಗೆ ಬಂತೆಂದು ಅದರ ಪೂರ್ವೋತ್ತರವನ್ನು ಹುಡುಕಿದೆ.

1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್, ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಹೃದಯದ ಸದ್ದನ್ನು ಆಲಿಸಿದನು. ಸದ್ದು ಹೊರಗೆ ಚದುರದಂತೆ ಕಿವಿಗೇ ಮುಟ್ಟಿಸುವ ಉಪಾಯವದು. 1889ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಪಾನಗೃಹವೊಂದರಲ್ಲಿ ಕಾಸು ಹಾಕಿದರೆ ಹಾಡುವ ಫೋನೋಗ್ರಾಫ್ ಬಂದಾಗ, ಜನರು ಕೊಳವೆಗಳನ್ನು ಕಿವಿಗಿಟ್ಟು ಕೇಳಿದರು. ಒಬ್ಬರ ಕಿವಿಯ ಕೊಳವೆ ಇನ್ನೊಬ್ಬರಿಗೆ ಹೋಗುತ್ತಿದ್ದುದರಿಂದ ಒರೆಸಿಕೊಳ್ಳಲು ಪಕ್ಕದಲ್ಲೇ ವಸ್ತ್ರವನ್ನೂ ಇಟ್ಟಿದ್ದರು!

ಆದರೆ ನನ್ನ ಬಿರಡೆಯ ನಿಜವಾದ ಪೂರ್ವಿಕನು 1891ರವನು. ಆ ವರ್ಷ ಫ್ರಾನ್ಸಿನ ಎಂಜಿನಿಯರ್ ಅರ್ನೆಸ್ಟ್ ಮೆರ್ಕಾಡಿಯೆ, ಎರಡು ಕಿವಿಯೊಳಗೂ ಸಿಕ್ಕಿಸಿಕೊಳ್ಳುವ ಟೆಲಿಫೋನ್ ಗ್ರಾಹಕಕ್ಕೆ ಪೇಟೆಂಟ್ ಪಡೆದನು. ತೂಕ ಸುಮಾರು 50 ಗ್ರಾಂ. ತುದಿಗಳಿಗೆ ರಬ್ಬರಿನ ಹೊದಿಕೆ. ಆ ರಬ್ಬರು ಏಕೆಂಬುದಕ್ಕೆ ಅವನು ಕೊಟ್ಟ ಕಾರಣಗಳು ಎರಡು: ಕಿವಿಗೆ ಉಜ್ಜದಿರಲಿ, ಹೊರಗಿನ ಸದ್ದು ಒಳಗೆ ಬಾರದಿರಲಿ. ಸುಖವೂ ಸ್ವರವೂ ಒಂದೇ ಬಿರಡೆಯಲ್ಲಿವೆಯೆಂಬುದನ್ನು ಅವನು ಅಂದೇ ಕಂಡುಕೊಂಡಿದ್ದನು.

ಇದರ ಮರ್ಮವನ್ನು ಮಿತ್ರರು ಬಿಡಿಸಿ ಹೇಳಿದರು. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ್ದು. ಅಷ್ಟು ಕಿರಿದಾದ ಜಾಗದ ಗಾಳಿಯನ್ನು ಅದುರಿಸಲು ಸಣ್ಣ ಪರದೆಯೊಂದು ಸಾಕು. ಆದರೆ ಬಾಯಿ ಮುಚ್ಚಿರಬೇಕು. ಸಂದಿಯಿದ್ದರೆ ಮಂದ್ರಸ್ವರಗಳು ಮೊದಲು ಸೋರಿಹೋಗುತ್ತವೆ, ತಾರಸ್ವರಗಳಷ್ಟೇ ಉಳಿಯುತ್ತವೆ. ನಾನು ತಗಡಿನ ದನಿಯೆಂದು ಶಪಿಸಿದ್ದು ಇದನ್ನೇ.

1954ರಲ್ಲಿ ಅಮೆರಿಕದ ಮಾರುಕಟ್ಟೆಗೆ ಟ್ರಾನ್ಸಿಸ್ಟರ್ ರೇಡಿಯೋ ಬಂದ ಮೇಲೆ ಒಂಟಿ ಕಿವಿಯ ಗುಂಡಿ ಲೋಕಪ್ರಿಯವಾಯಿತು. ನಮ್ಮ ತಂದೆಯವರು ಅಂಥದನ್ನು ಸಿಕ್ಕಿಸಿಕೊಂಡು ಕ್ರಿಕೆಟ್ ವಿವರಣೆ ಕೇಳುತ್ತಿದ್ದುದು ನನಗೆ ನೆನಪಿದೆ. 1991ರಲ್ಲಿ ಅಮೆರಿಕದ ಎಟಿಮೋಟಿಕ್ ಸಂಸ್ಥೆ, ಕಿವಿಯನ್ನು ಬಿಗಿಯಾಗಿ ಮುಚ್ಚಿ ಸಂಗೀತ ಕೇಳಿಸುವ ಉತ್ತಮ ಇಯರ್‌ಫೋನನ್ನು ಹೊರತಂದಿತು; ಅದರ ಬೆಲೆ ಸಾಮಾನ್ಯರ ಕೈಗೆಟುಕುವಂಥದಾಗಿರಲಿಲ್ಲ. ಇಂದು ಅದೇ ತತ್ತ್ವ ಬೀದಿಬದಿಯ ಅಂಗಡಿಯಲ್ಲಿ ದೊರೆಯುತ್ತದೆ.

ಇದು ಬರಿಯ ರಸಿಕತೆಯ ಮಾತಲ್ಲ. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮೇರೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿರಡೆ ಹೊಂದದವನು ಗದ್ದಲದಲ್ಲಿ ದನಿ ಏರಿಸಿ ಆ ಮೇರೆಯನ್ನು ತನಗರಿವಿಲ್ಲದೆ ದಾಟುತ್ತಾನೆ. ಕೆಟ್ಟ ಯಂತ್ರಕ್ಕೆ ಬದಲು ಇನ್ನೊಂದು 250 ರೂಪಾಯಿಗೆ ಸಿಕ್ಕೀತು. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟವು. ಆದುದರಿಂದ ವಾಚಕರು ಅಗ್ಗದ್ದನ್ನು ಕೊಂಡರೂ ಚಿಂತೆಯಿಲ್ಲ, ಪೊಟ್ಟಣದ ತಳದಲ್ಲಿರುವ ರಬ್ಬರಿನ ತುಣುಕುಗಳನ್ನು ಮಾತ್ರ ಎಸೆಯಬಾರದು. ಈಗ ನಾನು ದನಿಯನ್ನು ಅರ್ಧಕ್ಕಿಂತ ಮೇಲೇರಿಸುವುದಿಲ್ಲ. ರಾತ್ರಿ ಜೀರುಂಡೆ ಕೂಗುತ್ತದೆ, ಆದರೆ ಕಿಟಕಿಯ ಹೊರಗೆ.