ಮಹಬೂಲಾದ ಗೋಡೆಗಳು: ಮೇಲ್ಮೈ ವಿಕಿರಣ ಮತ್ತು ಇರುಳ ಸೆಕೆ

ಕುವೈತ್‌ನ ಅಹ್ಮದಿ ಪ್ರಾಂತ್ಯದ ಕಡಲಂಚಿನ ಮಹಬೂಲಾದಲ್ಲಿ ಬಹುಮಹಡಿ ವಸತಿ ಕಟ್ಟಡಗಳು ಒತ್ತೊತ್ತಾಗಿ ನಿಂತಿವೆ. ವಾಸಿಸುವವರಲ್ಲಿ ಹೆಚ್ಚಿನವರು ವಲಸೆ ಬಂದ ದುಡಿಮೆಗಾರರು. ಬೇಸಿಗೆಯಲ್ಲಿ ಕತ್ತಲಾದ ಮೇಲೂ ಅಲ್ಲಿನ ಗೋಡೆಯ ಬದಿಯಲ್ಲಿ ನಡೆದರೆ ಮುಖಕ್ಕೆ ಝಳ ಹೊಡೆಯುತ್ತದೆ. ಹವಾಮಾನ ವರದಿಯ ಅಂಕಿ ಇದನ್ನು ಹೇಳುವುದಿಲ್ಲ. 2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ ದಾಖಲಾದ 53.9 ಡಿಗ್ರಿ ಸೆಲ್ಸಿಯಸ್ ಕೂಡ ನೆರಳಿನ ಗಾಳಿಯ ಉಷ್ಣತೆಯೇ. ಬಿಸಿಲಿಗೆ ಒಡ್ಡಿದ ಮೇಲ್ಮೈಯ ಲೆಕ್ಕವೇ ಬೇರೆ.

ಮೇಲ್ಮೈ ಹೊಮ್ಮಿಸುವ ಶಕ್ತಿಯು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆಂದು ಭೌತವಿಜ್ಞಾನಿ ಸ್ಟೀಫನ್ 1879ರಲ್ಲಿ ಪ್ರಯೋಗಗಳ ಆಧಾರದಿಂದ ಕಂಡುಕೊಂಡ. 1884ರಲ್ಲಿ ಬೋಲ್ಟ್ಸ್‌ಮನ್ ಅದಕ್ಕೆ ಸೈದ್ಧಾಂತಿಕ ಬುನಾದಿ ಒದಗಿಸಿದ. ರಾತ್ರಿ ಕಾಂಕ್ರೀಟು ಗೋಡೆ 45 ಡಿಗ್ರಿಯಲ್ಲಿದೆ, ಅದರ ಉತ್ಸರ್ಜಕತೆ, ಅಂದರೆ ಆದರ್ಶ ಮೇಲ್ಮೈಗೆ ಹೋಲಿಸಿದರೆ ವಿಕಿರಣ ಹೊಮ್ಮಿಸುವ ಪ್ರಮಾಣ, 0.93 ಎಂದಿಟ್ಟುಕೊಳ್ಳೋಣ. ಆಗ ಅದು ಚದರ ಮೀಟರಿಗೆ ಸುಮಾರು 540 ವಾಟ್ ಹೊಮ್ಮಿಸುತ್ತದೆ. 35 ಡಿಗ್ರಿಯ ಚರ್ಮ ಹೊಮ್ಮಿಸುವುದು ಸುಮಾರು 500. ಅಂದರೆ ಗೋಡೆಯತ್ತ ತಿರುಗಿದ ಮೈ ಶಾಖ ಕಳೆದುಕೊಳ್ಳುವ ಬದಲು ಪಡೆಯುತ್ತಿರುತ್ತದೆ. ಆಗ ಮೈಯನ್ನು ತಣಿಸಲು ಬೆವರು ಆರಬೇಕು. ಕಡಲಿನ ತೇವ ಗಾಳಿ ಅದಕ್ಕೂ ಅಡ್ಡಿ.

ಈ ವಿಕಿರಣ ಕಣ್ಣಿಗೆ ಕಾಣದು. ವೀನ್ ನಿಯಮದಂತೆ ಸೂರ್ಯನ ವಿಕಿರಣ ಗರಿಷ್ಠವಾಗುವುದು 0.5 ಮೈಕ್ರಾನ್ ತರಂಗಾಂತರದ ಸುತ್ತ, ಗೋಡೆಯದು 9 ಮೈಕ್ರಾನ್ ಸುತ್ತ, ಅವಕೆಂಪಿನಲ್ಲಿ. ಒಣಹವೆಯಲ್ಲಿ 8ರಿಂದ 13 ಮೈಕ್ರಾನ್ ನಡುವಿನ ಕಿರಣಗಳು ಬಹುಮಟ್ಟಿಗೆ ಆಕಾಶಕ್ಕೆ ಹೊರಟುಹೋಗುತ್ತವೆ. ಮರುಭೂಮಿಯ ಇರುಳು ಬೇಗ ತಣಿಯುವುದಕ್ಕೆ ಇದೇ ಮುಖ್ಯ ಕಾರಣ. ಮಹಬೂಲಾಕ್ಕೆ ಆ ಅನುಕೂಲ ಪೂರ್ತಿ ದಕ್ಕದು. ತೇವ ಹೆಚ್ಚಿದ ದಿನ ನೀರಾವಿ ಆ ದಾರಿಯನ್ನು ಕಿರಿದಾಗಿಸುತ್ತದೆ. ಇಕ್ಕಟ್ಟಾದ ಓಣಿಯಲ್ಲಿ ಗೋಡೆಗೆ ಎದುರಾಗಿರುವುದು ಬಹುಪಾಲು ಇನ್ನೊಂದು ಗೋಡೆ. ಒಂದು ಹೊಮ್ಮಿಸಿದ್ದನ್ನು ಮತ್ತೊಂದು ಹೀರಿ ಮರಳಿಸುತ್ತದೆ.

ಹಾಗಾಗಿ ಸುಧಾರಣೆ ಆಕಾಶಕ್ಕೆ ನೇರವಾಗಿ ತೆರೆದಿರುವ ತಾರಸಿಯಿಂದ ಶುರುವಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಬಣ್ಣದ ಆಯ್ಕೆ ನಿರ್ಣಾಯಕ. ಹೊಳೆಯುವ ಅಲ್ಯೂಮಿನಿಯಂ ತಗಡು ಬಿಸಿಲನ್ನು ಹಿಂದಕ್ಕೆ ಎಸೆದರೂ ಅದರ ಉತ್ಸರ್ಜಕತೆ 0.1ಕ್ಕಿಂತ ಕಡಿಮೆ, ಹೀರಿಕೊಂಡ ಅಷ್ಟಿಷ್ಟು ಶಾಖವನ್ನೂ ಅದು ಸುಲಭವಾಗಿ ಬಿಟ್ಟುಕೊಡದು. ಬಿಳಿ ಬಣ್ಣವಾದರೋ ಬಿಸಿಲಿನ ಬಹುಭಾಗವನ್ನು ಪ್ರತಿಫಲಿಸಿ, ಅವಕೆಂಪಿನಲ್ಲಿ ಕಪ್ಪು ಬಣ್ಣದಷ್ಟೇ ಧಾರಾಳವಾಗಿ, ಸುಮಾರು 0.9ರ ಉತ್ಸರ್ಜಕತೆಯಿಂದ ಶಾಖ ಹೊಮ್ಮಿಸುತ್ತದೆ. ಆದರೆ ಕುವೈತ್‌ನ ಧೂಳು ಬಿಳಿಯನ್ನು ಬಿಳಿಯಾಗಿ ಉಳಿಯಗೊಡದು. ಧೂಳು ಕೂತರೆ ಕುಗ್ಗುವುದು ಪ್ರತಿಫಲನ, ಉತ್ಸರ್ಜಕತೆಯಲ್ಲ. ಆದ್ದರಿಂದ ಧೂಳುಗಾಳಿ ಬೀಸಿದ ಬಳಿಕ ತಾರಸಿ ತೊಳೆಯುವುದೂ ಈ ವಿಧಾನದ ಭಾಗವೇ.